ನೀವು ನಿಮ್ಮ ಉಸಿರು ನೋಡ್ಕೊಳ್ಳಿ

ಕಣ್ಣಿನ ಆಸ್ಪತ್ರೆಯಿಂದ ಕಟಿಂಗ್ ಮಾಸ್ತರು ಎರಡನೇ ಸಲವೂ ಹೋದ ಹಾಗೆಯೇ ವಾಪಸು ಬಂದರು. ಬಲಗಣ್ಣಿನ ಪೊರೆ ತೆಗೆಸಬೇಕಿತ್ತು. ಕಣ್ಣಿಗೆ ಹನಿ ಹಾಕಿ, ಹಸಿರು ಗೌನು ತೊಡಿಸಿ, ಇನ್ನೇನು ಒಳಗೆ ಕರೆದುಕೊಂಡು ಹೋಗಬೇಕು ಅನ್ನುವಾಗ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿಪಿ ನೂರಾ ತೊಂಬತ್ತು! ಹಿಂದಿನ ಸಲ ನೂರಾ ಎಂಬತ್ತನಾಲ್ಕು ಇತ್ತು. ಅಷ್ಟು ಬಿಪಿ ಹೊತ್ತುಕೊಂಡು ಬಂದವರ ಕಣ್ಣಿಗೆ ಯಾವ ಡಾಕ್ಟರೂ ಕೈ ಹಾಕುವುದಿಲ್ಲ. ಗೌನು ಬಿಚ್ಚಿಸಿಕೊಂಡು ಕಳಿಸಿದರು.

"ಮಾತ್ರೆ ತಗೊಂಡ್ರೂ ಇಳೀತಿಲ್ಲ ಅಂದ್ರೆ ನಿಮಗೆ ಮನಸ್ಸಿಗೆ ನೆಮ್ಮದಿ ಇಲ್ಲ ಅಂತ ಅರ್ಥ" ಎಂದರು ಕಣ್ಣಿನ ಡಾಕ್ಟರು. "ಎರಡು ತಿಂಗಳು ಬಿಟ್ಟು ಬನ್ನಿ. ಅಷ್ಟರಲ್ಲಿ ಸಮಾಧಾನವಾಗಿರೋದನ್ನ ಕಲೀರಿ. ಪೊರೆ ಗಟ್ಟಿಯಾಗ್ತಾ ಇದೆ. ಇನ್ನೂ ಬಲಿತ್ರೆ ಆಪರೇಷನ್ ಕಷ್ಟ. ಆಮೇಲೆ ನನ್ನನ್ನ ದೂರಬೇಡಿ."

ಬಸ್ಸಿನಲ್ಲಿ ಮಾಸ್ತರು ಕಪ್ಪು ಕನ್ನಡಕ ಹಾಕಿಕೊಂಡು, ಹೆಂಡತಿಯ ಕೈ ಹಿಡಿದುಕೊಂಡು ಕೂತಿದ್ದರು. ನಾಲ್ಕನೆಯ ಸ್ಟಾಪಿಗೆ ಕೇಳಿದರು: "ಇವಳೇ, ನನಗೆ ನೆಮ್ಮದಿ ಇಲ್ವಾ?"

"ನನ್ನನ್ನ ಕೇಳಿದ್ರೆ?"

"ಮತ್ತೆ ಯಾರನ್ನ ಕೇಳ್ಲಿ? ಇದೆ ಅಂತಾನೇ ಅಂದ್ಕೊಂಡಿದ್ದೆ."

ಮಾಸ್ತರ ಗೊಂದಲ ಶುರುವಾದದ್ದು ಆ ಬಸ್ಸಿನಿಂದ. ಅರವತ್ತೆರಡು ವರ್ಷದ ಮನುಷ್ಯ. ಅದರಲ್ಲಿ ನಲವತ್ತು ವರ್ಷ ಕತ್ತರಿ ಹಿಡಿದೇ ಕಳೆದವರು. ಗಂಡಸರ ಪ್ಯಾಂಟು, ಶರ್ಟು, ಅಪರೂಪಕ್ಕೊಂದು ಕೋಟು. ಎರಡು ಹೊಲಿಗೆ ಮಿಷನ್ನು, ಒಂದು ಉದ್ದನೆಯ ಮೇಜು, ಒಂದು ನಿಲುವುಗನ್ನಡಿ ಇರುವ ಅಂಗಡಿ ಅವರದು. ಮಿಷನ್ನಿನ ಮುಂದೆ ಕೂರುವವನನ್ನು ಎಲ್ಲರೂ ಪಾಪ್ಲಿನ್ ಎಂದು ಕರೆಯುತ್ತಾರೆ. ಆಸಾಮಿ ಆ ಬಟ್ಟೆಯಷ್ಟೇ ತೆಳ್ಳಗೆ, ಬೆಳ್ಳಗೆ. ಮಾಸ್ತರು ಕತ್ತರಿಸಿ ಕೊಟ್ಟದ್ದನ್ನು ಪಾಪ್ಲಿನ್ ಹೊಲಿಯುತ್ತಾನೆ, ಪ್ಯಾಂಟಿನ ಕಾಲಂಚಿನ ಕೈಹೊಲಿಗೆ ಮನೆಯಲ್ಲಿ ಮಾಸ್ತರ ಹೆಂಡತಿ ಹಾಕುತ್ತಾರೆ. ಈ ಮೂವರಿಂದ ಒಂದು ಬೀದಿಯ ಗಂಡಸರೆಲ್ಲ ಮೈ ಮುಚ್ಚಿಕೊಂಡು ಓಡಾಡುತ್ತಿದ್ದರು ಎಂದರೆ ಹೆಚ್ಚೇನಲ್ಲ.

ಈಗ ಬಲಗಣ್ಣಿಗೆ ಪೊರೆ ಬಂದು, ಕಪ್ಪು ಬಟ್ಟೆಯ ಮೇಲೆ ಎಳೆದ ಬಳಪದ ಗೆರೆಯೇ ಕಾಣಿಸುತ್ತಿರಲಿಲ್ಲ. ಎಡಗಣ್ಣು ಮೊದಲಿನಿಂದಲೂ ಮಂದ. ಕಣ್ಣು ಹೋದರೆ ಕತ್ತರಿ ಹೋಯಿತು. ಕತ್ತರಿ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬುದೇ ಮಾಸ್ತರಿಗೆ ತೋಚುತ್ತಿರಲಿಲ್ಲ. ಆ ಹೆದರಿಕೆಯಿಂದ ಬಿಪಿ ಏರಿತ್ತು, ಬಿಪಿಯಿಂದ ಆಪರೇಷನ್ ತಪ್ಪಿತ್ತು, ತಪ್ಪಿದ್ದಕ್ಕೆ ಹೆದರಿಕೆ ಇನ್ನಷ್ಟು ಹೆಚ್ಚಿತ್ತು. ಇದರಲ್ಲಿ ಎಲ್ಲಿಂದ ಸಮಾಧಾನ ಶುರು ಮಾಡಬೇಕು ಎಂದು ಡಾಕ್ಟರು ಹೇಳಿರಲಿಲ್ಲ.

ಹೇಳುವುದಕ್ಕೆ ನಾದಿನಿ ಬಂದಳು. ಮಾಸ್ತರ ಹೆಂಡತಿಯ ತಂಗಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದು ಹೋದ ವರ್ಷ ಸ್ವಯಂನಿವೃತ್ತಿ ಪಡೆದವಳು. ಸೀಟಿಯನ್ನು ಸ್ಕೂಲಿಗೆ ಒಪ್ಪಿಸಿ ಬಂದಿದ್ದಳೇ ಹೊರತು ಗಂಟಲು ಒಪ್ಪಿಸಿರಲಿಲ್ಲ. ಎಲ್ಲೋ ಮೂರು ದಿನದ ಶಿಬಿರಕ್ಕೆ ಹೋಗಿ, ಸರಳವಾಗಿ, ಶಾಂತವಾಗಿ ಬದುಕುವುದು ಹೇಗೆ ಎಂದು ಕಲಿತು, ಅದನ್ನೆಲ್ಲ ಅಚ್ಚು ಹಾಕಿಸಿದ ಒಂದು ಹಳದಿ ಕಾಗದ ತಂದಿದ್ದಳು.

"ಭಾವ, ಇದರಲ್ಲಿ ಮದ್ದಿಲ್ಲ, ಮಾತ್ರೆ ಇಲ್ಲ. ಬರೀ ಸಣ್ಣಸಣ್ಣ ಅಭ್ಯಾಸ. ಮಕ್ಕಳೂ ಮಾಡ್ಬಹುದು. ಎಲ್ಲಿ, ಬೆನ್ನು ನೇರ! ಉಸಿರು ಒಳಗೆ! ಒಳಗೆ ಅಂದೆ ಭಾವ!"

ಮಾಸ್ತರು ಗಾಬರಿಯಲ್ಲಿ ಉಸಿರು ಹೊರಗೆ ಬಿಟ್ಟರು.

ಕಾಗದವನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಯಿತು. ಮಾರನೆಯ ಬೆಳಿಗ್ಗೆಯಿಂದಲೇ ಮಾಸ್ತರು ಕಟ್ಟುನಿಟ್ಟಾಗಿ ಶುರು ಮಾಡಿದರು. ಎದ್ದ ಕೂಡಲೇ ಹಾಸಿಗೆಯ ಅಂಚಿನಲ್ಲಿ ಕೂತು ಐದು ಉಸಿರು ಗಮನಿಸಬೇಕಿತ್ತು. ಇಷ್ಟು ವರ್ಷ ತನ್ನ ಪಾಡಿಗೆ ತಾನು ಓಡಾಡಿಕೊಂಡಿದ್ದ ಉಸಿರು, ಮಾಸ್ತರು ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಸಂಕೋಚಪಟ್ಟು ನಿಂತುಬಿಟ್ಟಿತು. ಎಳೆದುಕೊಂಡರೆ ಜಾಸ್ತಿಯಾಯಿತು, ಬಿಟ್ಟರೆ ಸಾಲಲಿಲ್ಲ. ಆಮೇಲೆ ಕೂತು ಏಳು ಗುಟುಕಿನಲ್ಲಿ ಒಂದು ಲೋಟ ನೀರು ಕುಡಿಯಬೇಕು. ಐದನೆಯದೋ ಆರನೆಯದೋ ಎಂಬ ಅನುಮಾನ ಬಂದು ಇನ್ನೊಂದು ಲೋಟ ತರಿಸಿ ಮೊದಲಿನಿಂದ ಶುರು ಮಾಡಿದರು. ಹೊಟ್ಟೆ ತುಂಬ ನೀರಾಯಿತು, ಲೆಕ್ಕ ಮಾತ್ರ ಸರಿಯಾಗಲಿಲ್ಲ.

ನಡೆಯುವಾಗ ಪಾದ ನೆಲಕ್ಕೆ ತಾಗುವುದನ್ನೇ ಗಮನಿಸಬೇಕೆಂದು ಕಾಗದದಲ್ಲಿತ್ತು. ಎಡಪಾದ ಊರಿತು, ಬಲಪಾದ ಊರಿತು ಎಂದು ನೋಡಿಕೊಳ್ಳುತ್ತ ನಡೆದ ಮಾಸ್ತರು ಸ್ವಂತ ಅಂಗಡಿಯನ್ನೇ ದಾಟಿ ಪೆಟ್ರೋಲ್ ಬಂಕಿನವರೆಗೆ ಹೋದರು. ಪಾಪ್ಲಿನ್ ಹಿಂದಿನಿಂದ ಓಡಿ ಬಂದು, "ಮಾಸ್ತರೇ, ಎಲ್ಲಿಗೆ?" ಎಂದು ಏದುಸಿರು ಬಿಡುತ್ತ ನಿಂತ. ಯಾರಾದರೂ ಏನಾದರೂ ಕೇಳಿದರೆ ಮನಸ್ಸಿನಲ್ಲಿ ಮೂರರವರೆಗೆ ಎಣಿಸಿಯೇ ಉತ್ತರ ಕೊಡಬೇಕು ಎಂಬ ಅಭ್ಯಾಸವೂ ಇತ್ತಲ್ಲ. ಮಾಸ್ತರು ಎಣಿಸತೊಡಗಿದರು. ಇವರಿಗೆ ಪಾರ್ಶ್ವವಾಯು ಹೊಡೆದಿದೆ ಎಂದುಕೊಂಡ ಪಾಪ್ಲಿನ್ ತೋಳು ಹಿಡಿದು ಅಂಗಡಿಗೆ ಎಳೆದುಕೊಂಡು ಬಂದ. ಫೋನು ಮಾಡಿದ ಗಿರಾಕಿಗಳು ಲೈನ್ ಕಟ್ಟಾಯಿತೆಂದು ಇಟ್ಟುಬಿಡುತ್ತಿದ್ದರು.

ಪ್ರತಿಯೊಂದು ವಸ್ತುವಿಗೂ ಒಂದೇ ಜಾಗ ಇರಬೇಕು ಎಂಬುದೂ ಒಂದು. ನಲವತ್ತು ವರ್ಷ ಕೊರಳಿಗೆ ಜೋತುಬಿದ್ದಿದ್ದ ಅಳತೆಯ ಟೇಪನ್ನು ಮಾಸ್ತರು ಗೋಡೆಯ ಮೊಳೆಗೆ ನೇತುಹಾಕಿದರು. ಆಮೇಲೆ ದಿನಕ್ಕೆ ಇಪ್ಪತ್ತು ಸಲ ಬರಿಯ ಕೊರಳು ತಡಕಿಕೊಂಡು, "ಟೇಪೆಲ್ಲಿ? ಟೇಪೆಲ್ಲಿ?" ಎಂದು ಕೂಗಾಡಿದರು. ಟೇಪು ಅದರ ಜಾಗದಲ್ಲೇ ಇತ್ತು. ಜಾಗ ಕಳೆದುಕೊಂಡವರು ಮಾಸ್ತರು.

ಮೂರು ವಾರದ ನಂತರ ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ನೋಡಿಸಿದರೆ ಬಿಪಿ ನೂರಾ ತೊಂಬತ್ತೆರಡು.

"ಅಲ್ಲಮ್ಮ, ಸಮಾಧಾನ ಬಂದ್ರೆ ಹೇಗಿರತ್ತೆ?" ಎಂದು ಮಾಸ್ತರು ನಾದಿನಿಯನ್ನು ನಿಜವಾಗಿಯೂ ತಿಳಿಯದೆ ಕೇಳಿದರು. "ಬಂತು ಅಂತ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಲ್ಲ ಭಾವ. ಗೊತ್ತು ಮಾಡ್ಕೊಳ್ಳೋಕೆ ಹೋದ್ರೆ ಹೊರಟುಹೋಗತ್ತೆ."

"ಹೊರಟುಹೋಯ್ತು ಅಂತಾದ್ರೂ ಗೊತ್ತಾಗತ್ತಾ?"

ಟೀಚರು ಬೆನ್ನು ನೇರ ಮಾಡಿಕೊಳ್ಳುವಂತೆ ಹೇಳಿದಳು.

ಮಾಸ್ತರ ನಿಜವಾದ ಗ್ರಹಚಾರ ಇದ್ದದ್ದು ಕಾಗದದ ಇನ್ನೊಂದು ಸಾಲಿನಲ್ಲಿ. ಒಂದು ಹೊತ್ತಿಗೆ ಒಂದೇ ಕೆಲಸ. ಕೇಳಿದರೆ ಎಷ್ಟು ಸರಿ ಅನ್ನಿಸುತ್ತದೆ! ಆದರೆ ಮಾಸ್ತರ ಕಸುಬು ನಿಂತಿದ್ದದ್ದೇ ಎರಡು ಕೆಲಸ ಒಟ್ಟಿಗೆ ಮಾಡುವುದರ ಮೇಲೆ. ಅವರು ಅಳತೆಯನ್ನು ಎಲ್ಲೂ ಬರೆದುಕೊಳ್ಳುವವರಲ್ಲ. ಬೇರೆ ಟೈಲರುಗಳ ಹತ್ತಿರ ಪುಸ್ತಕ ಇರುತ್ತದೆ, ಇವರ ಹತ್ತಿರ ಹರಟೆ ಇತ್ತು. ಸೊಂಟಕ್ಕೆ ಟೇಪು ಸುತ್ತುತ್ತಾ, "ಮತ್ತೇನ್ ಸಮಾಚಾರ?" ಎಂದು ಮಾತಿಗೆ ಎಳೆಯುವರು. ಗಿರಾಕಿ ಮಗಳಿಗೆ ಅವಳಿ ಮಕ್ಕಳಾದದ್ದು ಹೇಳುವನು. ಆ ಅವಳಿ ಮಕ್ಕಳ ಜೊತೆ ಮೂವತ್ತಾರು ಎಂಬ ಅಂಕಿ ಮಾಸ್ತರ ತಲೆಯಲ್ಲಿ ಹೋಗಿ ಕೂರುವುದು. ಕಾಂಪೌಂಡಿನ ವಿಷಯಕ್ಕೆ ನೆರೆಮನೆಯವನ ಜೊತೆ ಜಗಳವಾಡಿದವರ ಕಾಲಿನ ಉದ್ದ ನಲವತ್ತೊಂದು. ಹದಿನೈದು ದಿನ ಬಿಟ್ಟು ಬಟ್ಟೆ ಕತ್ತರಿಸಲು ಕೂತಾಗ ಜಗಳ ನೆನಪಾದರೆ ಸಾಕು, ಕಾಲೂ ನೆನಪಾಗುತ್ತಿತ್ತು. ಇದು ಮಾಸ್ತರಿಗೂ ಗೊತ್ತಿರಲಿಲ್ಲ. ತಾನು ಬಾಯಿಚಪಲಕ್ಕೆ ಮಾತಾಡುತ್ತೇನೆ ಎಂದೇ ಅವರು ತಿಳಿದಿದ್ದರು.

ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡರು. ಅಳತೆ ತೆಗೆಯುವಾಗ ಬರೀ ಅಳತೆ. ಒಂದೇ ದಿನ, ಒಬ್ಬರ ಹಿಂದೆ ಒಬ್ಬರು, ಹಲ್ಲಿನ ಡಾಕ್ಟರು ಮತ್ತು ಡ್ರೈವಿಂಗ್ ಸ್ಕೂಲಿನವರು ಬಂದರು. ಇಬ್ಬರದೂ ಬೂದು ಬಣ್ಣದ ಪ್ಯಾಂಟ್ ಬಟ್ಟೆ. ಡ್ರೈವಿಂಗ್ ಸ್ಕೂಲಿನವರು ಬಾಯಿ ತುಂಬ ಸುದ್ದಿ ಹೊತ್ತುಕೊಂಡು ಬಂದಿದ್ದರು.

"ಮಾಸ್ತರೇ, ನಿನ್ನೆ ಏನಾಯ್ತು ಗೊತ್ತಾ? ಒಬ್ಬ ವಕೀಲರು ಕಾರು ಹಿಂದಕ್ಕೆ ತಗೊಳ್ಳೋಕೆ ಹೋಗಿ..."

ಮಾಸ್ತರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದರು. ವಕೀಲರ ಕಾರು ಎಲ್ಲಿಗೆ ಹೋಗಿ ನಿಂತಿತೋ ಆ ಕಥೆ ಅಲ್ಲೇ ಉಳಿಯಿತು. ಅಂಕಿಗಳು ಮಾಸ್ತರ ತಲೆಗೆ ಬಂದವು, ಹಿಡಿದುಕೊಳ್ಳಲು ಏನೂ ಸಿಗದೆ ಜಾರಿಹೋದವು.

ವಾರದ ನಂತರ ಟ್ರಯಲ್ಲು. ಹಲ್ಲಿನ ಡಾಕ್ಟರು ಕಡ್ಡಿಯಂಥ ಮನುಷ್ಯ. ಅವರು ಹಾಕಿಕೊಂಡ ಪ್ಯಾಂಟಿನೊಳಗೆ ಇನ್ನೊಬ್ಬ ಡಾಕ್ಟರು ಆರಾಮಾಗಿ ನಿಲ್ಲಬಹುದಿತ್ತು. ಅವರು ನಕ್ಕು, ಸರಿ ಮಾಡಿಡಿ ಎಂದು ಹೇಳಿ ಹೋದರು. ಡ್ರೈವಿಂಗ್ ಸ್ಕೂಲಿನವರದು ದೊಡ್ಡ ಮೈ. ಅವರ ಪ್ಯಾಂಟು ಮೊಣಕಾಲಿನಿಂದ ಮೇಲಕ್ಕೆ ಏರಲೇ ಇಲ್ಲ. ದೊಗಳೆಯಾದದ್ದನ್ನು ಚಿಕ್ಕದು ಮಾಡಬಹುದು. ಚಿಕ್ಕದಾಗಿ ಕತ್ತರಿಸಿದ್ದನ್ನು ದೊಡ್ಡದು ಮಾಡುವುದು ಯಾವ ಮಾಸ್ತರಿಂದಲೂ ಸಾಧ್ಯವಿಲ್ಲ. ಅದೂ ಅವರ ಅಳಿಯ ಎಲ್ಲಿಂದಲೋ ತಂದುಕೊಟ್ಟ ಬಟ್ಟೆ.

"ಇದೇನ್ರೀ ಮಾಸ್ತರೇ, ನನ್ನ ಕಾಲನ್ನ ಏನಂತ ತಿಳ್ಕೊಂಡ್ರಿ? ಕೋಳಿ ಕಾಲಾ?" ಎಂದು ಅವರು ಪರದೆಯ ಹಿಂದಿನಿಂದಲೇ ಗುಡುಗಿದರು. "ಇಪ್ಪತ್ತು ವರ್ಷದಿಂದ ಬರ್ತಾ ಇದ್ದೀನಿ. ನನ್ನ ಅಳತೆ ನಿಮಗೆ ಬಾಯಿಪಾಠ ಇರ್ಬೇಕಲ್ರೀ!"

ಮಾಸ್ತರು ಗರ ಬಡಿದವರಂತೆ ನಿಂತರು. ನಲವತ್ತು ವರ್ಷದಲ್ಲಿ ಒಬ್ಬರ ಅಳತೆ ಇನ್ನೊಬ್ಬರಿಗೆ ಹೋದದ್ದಿರಲಿಲ್ಲ. ಹರಟುತ್ತಾ ಕೆಲಸ ಮಾಡಿದಾಗ ತಪ್ಪದ ಕೈ ಇಷ್ಟು ಗಮನವಿಟ್ಟು ಮಾಡಿದಾಗ ತಪ್ಪಿದ್ದು ಹೇಗೆ? ಮೂರರವರೆಗೆ ಎಣಿಸಿದರು. ಹತ್ತರವರೆಗೆ ಎಣಿಸಿದರು. ಕಿವಿಯೊಳಗೆ ಗುಂಯ್ ಎನ್ನತೊಡಗಿತು.

ಊಟದ ಡಬ್ಬಿ ಹಿಡಿದು ಹೆಂಡತಿ ಅಂಗಡಿಯ ಮೆಟ್ಟಿಲು ಹತ್ತಿದ್ದು ಆಗಲೇ. ಒಳಗೆ ಬಂದವರು ಒಮ್ಮೆ ಗಂಡನ ಮುಖ ನೋಡಿದರು, ಒಮ್ಮೆ ಪರದೆಯ ಕೆಳಗೆ ಕಾಣುತ್ತಿದ್ದ ಎರಡು ಸಿಟ್ಟಿನ ಕಾಲುಗಳನ್ನು ನೋಡಿದರು. ಡಬ್ಬಿ ಕೆಳಗಿಟ್ಟರು.

"ರೀ, ನೀವು ಒಳಗೆ ಹೋಗಿ ಕೂತ್ಕೊಳ್ಳಿ. ಇದನ್ನ ನಾನು ನೋಡ್ಕೋತೀನಿ. ನೀವು ನಿಮ್ಮ ಉಸಿರು ನೋಡ್ಕೊಳ್ಳಿ."

ಆಕೆ ಏನು ಹೇಳಿದರೋ, ಹೇಗೆ ಹೇಳಿದರೋ, ಗುಡುಗು ಗೊಣಗಾಟವಾಗಿ, ಗೊಣಗಾಟ "ಆಯ್ತು ಬಿಡಿ ಅಕ್ಕಾ" ಆಗಿ ಹೊರಗೆ ಹೋಯಿತು. ಅದೇ ಬಟ್ಟೆ ಹುಡುಕಿ ತಂದುಕೊಡುತ್ತೇನೆ ಎಂದು ಆಕೆ ಮಾತು ಕೊಟ್ಟಿದ್ದರು. ನಾಲ್ಕು ದಿನ ಬಿಸಿಲಿನಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿ, ತುಂಡು ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಣ್ಣ ಹೋಲಿಸಿ, ಐದನೇ ದಿನ ತಂದೂ ಕೊಟ್ಟರು.

ಮಾರನೆಯ ದಿನದಿಂದಲೇ ಆಕೆ ಒಂದು ನೋಟ್‌ಬುಕ್ಕು ಹಿಡಿದು ಅಂಗಡಿಯಲ್ಲಿ ಬಂದು ಕೂರತೊಡಗಿದರು. ಮಾಸ್ತರು ತುಟಿಪಿಟಕ್ಕೆನ್ನದೆ ಅಳತೆ ತೆಗೆದು ಅಂಕಿ ಮಾತ್ರ ಹೇಳುವುದು, ಆಕೆ ಬರೆದುಕೊಳ್ಳುವುದು. ಫೋನು ಆಕೆಯ ಕೈಗೆ ಹೋಯಿತು. ಪಾಪ್ಲಿನ್‌ಗೆ ದಾರ ಮುಗಿದರೆ, ಗುಂಡಿ ಸಾಲದಿದ್ದರೆ, ಮಿಷನ್ನಿನ ಬೆಲ್ಟು ಹರಿದರೆ ಎಲ್ಲ ಅಕ್ಕನಿಗೇ ಹೇಳಬೇಕು, ಮಾಸ್ತರ ಕಿವಿಗೆ ಬೀಳಕೂಡದು. ಡೆಲಿವರಿ ತಡವಾಯಿತೆಂದು ಜಗಳಕ್ಕೆ ಬಂದವರನ್ನು ಆಕೆ ಮೆಟ್ಟಿಲಿನ ಮೇಲೆಯೇ ತಡೆದು ಮಾತಾಡಿಸುವರು.

ಮನೆಯಲ್ಲೂ ಅಷ್ಟೆ. ಮಾಸ್ತರ ತಾಯಿಗೆ ಎಂಬತ್ತಾರು ವರ್ಷ, ಕಿವಿ ಅರ್ಧ ಕೇಳಿಸದು. ಟಿವಿ ಹಾಕಿದರೆ ಬೀದಿಗೆಲ್ಲ ಕೇಳಿಸುವಂತೆ ಹಾಕುವರು. ಮಾಸ್ತರು ಸಂಜೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವ ಹೊತ್ತಿಗೆ ಸೊಸೆ ಅತ್ತೆಯನ್ನು ನಯವಾಗಿ ಹಿತ್ತಲಿಗೆ ಕರೆದೊಯ್ದು, ಅವರ ಹಳೆಯ ಕಥೆಗಳಿಗೆ ಹೂಂಗುಟ್ಟುತ್ತ ನಿಲ್ಲುವರು. ಕರೆಗಂಟೆಯ ವೈರು ಕಿತ್ತಿಟ್ಟರು. ಮಿಕ್ಸಿ ಹಾಕುವ ಕೆಲಸವನ್ನು ಗಂಡ ಏಳುವುದಕ್ಕೆ ಮೊದಲೇ ಪಕ್ಕದ ಮನೆಗೆ ಹೋಗಿ ಮುಗಿಸಿಕೊಂಡು ಬರುವರು. ಮಹಡಿಯ ಪೈಪು ಸೋರಿ ಗೋಡೆ ಒದ್ದೆಯಾದಾಗ ಪ್ಲಂಬರನ ಹಿಂದೆ ಮೂರು ದಿನ ಅಲೆದವರೂ ಆಕೆಯೇ. ಇಷ್ಟೆಲ್ಲ ಆದ ಮೇಲೆ ಕಾಲಂಚಿನ ಕೈಹೊಲಿಗೆಯೂ ಇತ್ತು, ಅದನ್ನು ಯಾರೂ ಕಡಿಮೆ ಮಾಡಿರಲಿಲ್ಲ. ಮಾಸ್ತರು ಏನಾದರೂ ಕೇಳಲು ಬಾಯಿ ತೆರೆದರೆ ಒಂದೇ ಮಾತು: "ಅದೆಲ್ಲ ನಾನು ನೋಡ್ಕೋತೀನಿ. ನೀವು ನಿಮ್ಮ ಉಸಿರು ನೋಡ್ಕೊಳ್ಳಿ."

ಮಾಸ್ತರು ನೋಡಿಕೊಂಡರು. ಕ್ರಮೇಣ ಉಸಿರಿಗೂ ಸಂಕೋಚ ಬಿಟ್ಟಿತು. ಏಳು ಗುಟುಕು ಏಳಕ್ಕೇ ಮುಗಿಯತೊಡಗಿತು. ತುತ್ತನ್ನು ಎಣಿಸಿ ಅಗಿದು, ಊಟದ ತಟ್ಟೆ ಬಿಟ್ಟು ಬೇರೆಲ್ಲೂ ನೋಡದೆ ಊಟ ಮಾಡುವುದು ಬಂತು. ಆ ತಟ್ಟೆ ಯಾವಾಗ ಮುಂದೆ ಬಂತು, ಯಾವಾಗ ಹೋಯಿತು ಎಂಬುದು ಮಾತ್ರ ಗಮನಕ್ಕೆ ಬರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಬಿಪಿ ನೂರಾ ಎಪ್ಪತ್ತಕ್ಕಿಳಿಯಿತು, ನೂರಾ ಐವತ್ತೆಂಟಾಯಿತು, ನೂರಾ ನಲವತ್ತಾರಾಯಿತು.

"ನೋಡಿದ್ರಾ ಭಾವ!" ಎಂದು ಡ್ರಿಲ್ ಟೀಚರು ಕುಣಿಯುವುದೊಂದು ಬಾಕಿ. "ಎಲ್ಲಾ ಆ ಕಾಗದದ ಮಹಿಮೆ. ಅಕ್ಕಾ, ನೀನೂ ಶುರು ಮಾಡು."

"ನನಗೆಲ್ಲಿ ಪುರುಸೊತ್ತೇ?" ಎಂದು ನಕ್ಕರು ಅಕ್ಕ.

ಎಲ್ಲರೂ ಖುಷಿಯಾಗಿದ್ದರು. ಮಾಸ್ತರು ಮಾತ್ರ ಪೂರ್ತಿ ಖುಷಿಯಾಗಲಾರದೆ ತಬ್ಬಿಬ್ಬಾದರು. ಹೆದರಿಕೆಯೇನೋ ಹೋಗಿತ್ತು, ಆದರೆ ಎಲ್ಲಿಗೆ ಹೋಯಿತು? ಮೊದಲು ಕಷ್ಟಪಟ್ಟು ಅಭ್ಯಾಸ ಮಾಡಿದಾಗ ಏರಿದ್ದ ಬಿಪಿ, ಈಗ ಹಾಗೇ ಮಾಡುತ್ತಿದ್ದರೂ ಇಳಿಯುತ್ತಿದೆ. ನಡುವೆ ಬದಲಾದದ್ದೇನು? ಮೇಜಿನ ಮುಂದೆ ಕೂತು ಇದನ್ನೇ ಯೋಚಿಸುವರು. ಅಂಗಡಿ ಆಸ್ಪತ್ರೆಯಷ್ಟು ನಿಶ್ಶಬ್ದವಾಗಿತ್ತು. ಯಾರ ಮಗಳಿಗೆ ಮಗುವಾಯಿತು, ಯಾರ ಕಾಂಪೌಂಡು ಬಿತ್ತು ಎಂಬ ಒಂದು ಸುದ್ದಿಯೂ ಒಳಗೆ ಬರುತ್ತಿರಲಿಲ್ಲ.

ಒಂದು ಸಂಜೆ ನೀರು ಕೇಳಲು ಅಡುಗೆಮನೆಯ ಬಾಗಿಲಿಗೆ ಬಂದರೆ, ಹೆಂಡತಿ ಗೋಡೆಗೆ ಹಣೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಏನಾಯಿತು ಎಂದು ಮಾಸ್ತರು ಕೇಳಬೇಕೆಂದುಕೊಂಡರು. ಆದರೆ ಮಾತಾಡುವ ಮೊದಲು ಎಣಿಸುವುದು ಅಷ್ಟರಲ್ಲಿ ರೂಢಿಯಾಗಿಬಿಟ್ಟಿತ್ತಲ್ಲ. ಒಂದು, ಎರಡು, ಮೂರು. ಆಕೆ ಗೋಡೆ ಬಿಟ್ಟು ಸರಿದು, ಲೋಟ ತೊಳೆದು, ನೀರು ತುಂಬಿಸಿ ಕೈಗಿತ್ತರು. "ಕೂತ್ಕೊಂಡು ಕುಡೀರಿ" ಎಂದರು. ಮಾಸ್ತರು ಕೂತುಕೊಂಡು ಕುಡಿದರು. ಕಟ್ಟಿಕೊಂಡ ಹೆಂಡತಿಯನ್ನು ಏನಾಯಿತೆಂದು ಕೇಳುವುದಕ್ಕೂ ಎಣಿಕೆ ಬೇಕೆ ಎಂದು ಈ ಕಥೆ ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಅವರು ಕಾಗದದಲ್ಲಿ ಇದ್ದದ್ದನ್ನೇ ಮಾಡಿದ್ದರು.

ಆಪರೇಷನ್ ದಿನ ಮಾಸ್ತರ ತಾಯಿಯನ್ನು ನೋಡಿಕೊಳ್ಳಲು ಟೀಚರನ್ನು ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಇಬ್ಬರೇ ಆಸ್ಪತ್ರೆಗೆ ಬಂದರು. ಮತ್ತದೇ ಹನಿ, ಅದೇ ಹಸಿರು ಗೌನು. ಮಾಸ್ತರು ಮಂಚದ ಮೇಲೆ ಕೂತು ತೋಳು ಚಾಚಿದರು. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಫೈಲು, ಬಿಲ್ಲು, ನೀರಿನ ಬಾಟಲಿ ಎಲ್ಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನರ್ಸಮ್ಮ ಪಟ್ಟಿ ಸುತ್ತಿ ಗಾಳಿ ತುಂಬಿಸಿ ಇಳಿಸಿದಳು. ಹುಬ್ಬು ಮೇಲಕ್ಕೆ ಹೋಯಿತು.

"ನೂರಾ ಮೂವತ್ತಾರು?" ಎಂದು ಫೈಲಿನ ಹಳೆಯ ಪುಟ ತಿರುವಿದಳು. "ನೂರಾ ಎಂಬತ್ತನಾಲ್ಕು, ನೂರಾ ತೊಂಬತ್ತು ಇದ್ದೋರು ನೀವೇನಾ? ಮಿಷನ್ನೇ ಕೆಟ್ಟಿದ್ಯೋ ಏನೋ."

"ಅಭ್ಯಾಸ ಮಾಡಿದಾರೆ ಇವರು" ಎಂದರು ಹೆಂಡತಿ ಹೆಮ್ಮೆಯಿಂದ.

"ಇರ್ಲಿ, ಒಂದ್ಸಲ ನಿಮ್ಮ ಕೈ ಕೊಡಿ ಅಮ್ಮ. ಮಿಷನ್ ಸರಿ ಇದ್ಯಾ ನೋಡ್ಬಿಡ್ತೀನಿ."

ಆಕೆ ಬಾಟಲಿ ಕೆಳಗಿಟ್ಟು ಕೈ ಕೊಟ್ಟರು. ನರ್ಸು ಒಮ್ಮೆ ನೋಡಿದಳು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ನೋಡಿದಳು. ಆಮೇಲೆ ಹೊರಗೆ ಹೋಗಿ ಬೇರೆ ಮಿಷನ್ನು ತಂದು ನೋಡಿದಳು. ಮೂರು ಸಲವೂ ಇನ್ನೂರ ಎಂಟರ ಆಚೆ ಈಚೆ.

"ಮಿಷನ್ ಕೆಟ್ಟಿರ್ಬೇಕು ಬಿಡಮ್ಮ" ಎಂದರು ಹೆಂಡತಿ.

ಮಿಷನ್ನು ಕೆಟ್ಟಿರಲಿಲ್ಲ. ಡ್ಯೂಟಿ ಡಾಕ್ಟರು ಬಂದರು. ತಲೆನೋವು ಇದೆಯಾ ಎಂದು ಕೇಳಿದರು.

"ಅದು ದಿನಾ ಇರೋದೇ."

"ಎಷ್ಟು ದಿನದಿಂದ?"

ಆಕೆ ನೆನಪು ಮಾಡಿಕೊಂಡರು. "ತಿಂಗಳ ಮೇಲಾಗಿರ್ಬೇಕು. ಅಂಗಡಿಯಲ್ಲಿ ಬರೆಯೋಕೆ ಕೂತಾಗಿನಿಂದ. ಹಿಂಭಾಗದಲ್ಲಿ ಹಿಡ್ಕೊಂಡ ಹಾಗಿರತ್ತೆ. ಕೆಲಸ ಮಾಡ್ತಾ ಇದ್ರೆ ಗೊತ್ತಾಗಲ್ಲ."

ಮಾಸ್ತರು ಆಕೆಯ ಕಡೆ ತಿರುಗಿದರು. ಹನಿ ಹಾಕಿದ ಬಲಗಣ್ಣಿಗೆ ಬರೀ ಬೆಳಕು, ಎಡಗಣ್ಣಿಗೆ ಮಸುಕು ಮುಖ. ಹೆದರಿಕೆ ಎಲ್ಲಿಗೆ ಹೋಯಿತು ಎಂದು ಅಂಗಡಿಯಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದರಲ್ಲ. ದೂರವೇನೂ ಹೋಗಿರಲಿಲ್ಲ. ಮೆಟ್ಟಿಲಿನ ಮೇಲೆ ಗಿರಾಕಿಯನ್ನು ತಡೆದು ನಿಂತವಳ ಹತ್ತಿರ ಇತ್ತು, ಬಿಸಿಲಿನಲ್ಲಿ ಬಟ್ಟೆ ಹುಡುಕಿದವಳ ಹತ್ತಿರ ಇತ್ತು. ಮಾಸ್ತರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

"ಇನ್ನೂರ ಎಂಟು ಅಂದ್ರೆ ಹುಡುಗಾಟ ಅಲ್ಲ" ಎಂದರು ಡಾಕ್ಟರು. "ಮೊದಲು ಮಲಗಿಸಿ ಇವರನ್ನ. ಮಾತ್ರೆ ಕೊಡಿ, ಅರ್ಧರ್ಧ ಗಂಟೆಗೆ ನೋಡ್ತಾ ಇರಿ. ಇಳೀದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸೋಣ." ಖಾಲಿ ಮಂಚ ಬೇರೆ ಇರಲಿಲ್ಲ. ಮಾಸ್ತರನ್ನು ಎಬ್ಬಿಸಿ ಅದೇ ಮಂಚದ ಮೇಲೆ ಆಕೆಯನ್ನು ಮಲಗಿಸಿದರು. ಮಾಸ್ತರು ಗೌನು ತೊಟ್ಟುಕೊಂಡೇ ಸ್ಟೂಲಿನ ಮೇಲೆ ಕೂತರು.

"ಸಾರ್, ನೀವು ಬನ್ನಿ. ಒಳಗೆ ರೆಡಿ ಇದೆ" ಎಂದಳು ನರ್ಸು.

"ಹೋಗ್ಬನ್ರೀ" ಎಂದರು ಹೆಂಡತಿ ಮಲಗಿದಲ್ಲಿಂದಲೇ. "ಸುಮ್ನೆ ಇಲ್ಲಿ ಕೂತು ಗಾಬರಿ ಮಾಡ್ಕೋಬೇಡಿ. ನಿಮ್ಮ ಬಿಪಿ ಏರತ್ತೆ."

ಈ ಸಲ ಮಾಸ್ತರು ಒಂದನ್ನೂ ಎಣಿಸಲಿಲ್ಲ. "ಏರ್ಲಿ ಬಿಡು" ಎಂದರು. ನರ್ಸಿನ ಕಡೆ ತಿರುಗಿ, "ನಾನು ಬರಲ್ಲಮ್ಮ" ಎಂದರು.

ಈಗ ಬಿಟ್ಟರೆ ಮತ್ತೆ ಮೂರು ತಿಂಗಳು ದಿನ ಸಿಗುವುದಿಲ್ಲ, ಪೊರೆ ಗಟ್ಟಿಯಾದರೆ ಕಣ್ಣಿಗೇ ಅಪಾಯ, ಆಪರೇಷನ್ ಬೇಡವೆಂದು ಸಹಿ ಹಾಕಿ ಕೊಡಬೇಕಾಗುತ್ತದೆ ಎಂದೆಲ್ಲ ಕಣ್ಣಿನ ಡಾಕ್ಟರೇ ಬಂದು ಹೇಳಿ ನೋಡಿದರು. ಮಾಸ್ತರು ಸಹಿ ಎಲ್ಲಿ ಎಂದು ಕೇಳಿದರು. ಗೆರೆ ಕಾಣದೆ, ಡಾಕ್ಟರು ಬೆರಳಿಟ್ಟು ತೋರಿಸಿದ ಕಡೆ ಹಾಕಿದರು.

ಹೆಂಡತಿಗೆ ಸಿಟ್ಟು ಬಂತು. "ಇಷ್ಟು ದಿನ ನಾನು ಯಾಕೆ ಒದ್ದಾಡಿದ್ದು ಹಾಗಾದ್ರೆ? ಅತ್ತೆಗೆ ಹನ್ನೊಂದಕ್ಕೆ ಮಾತ್ರೆ, ತಂಗಿಗೆ ಯಾವುದೂಂತ ಗೊತ್ತಿಲ್ಲ. ಪಾಪ್ಲಿನ್‌ಗೆ ಫೋನ್ ಮಾಡ್ಬೇಕು. ನಾಳೆ ಡೆಲಿವರಿ..."

"ಕೊಡಿಲ್ಲಿ" ಎಂದು ಮಾಸ್ತರು ಆಕೆಯ ಕೈಯಿಂದ ಫೋನು ತೆಗೆದುಕೊಂಡರು. ಹೆಂಡತಿಯನ್ನು ಯಾವತ್ತೂ ಬಹುವಚನದಲ್ಲಿ ಮಾತಾಡಿಸಿದವರಲ್ಲ. ಆ ಗಡಿಬಿಡಿಯಲ್ಲಿ ಬಂದುಬಿಟ್ಟಿತು. ಮನೆಗೆ ಮಾಡಿದರು, ಅಂಗಡಿಗೆ ಮಾಡಿದರು. ಯಾವ ಡಬ್ಬಿಯಲ್ಲಿ ಯಾವ ಮಾತ್ರೆ ಎಂದು ಆಕೆಯನ್ನೇ ಕೇಳಿ ಕೇಳಿ ಹೇಳಿದರು, ಅದೂ ಒಂದು ಸಲ ತಪ್ಪಿತು. ಫೋನಿಟ್ಟು ನೋಡುವ ಹೊತ್ತಿಗೆ ಆಕೆ ಮಾತು ನಿಲ್ಲಿಸಿ ಕಣ್ಣು ಮುಚ್ಚಿದ್ದರು.

ಮಾಸ್ತರು ಗಾಬರಿಯಾಗಿ "ನರ್ಸಮ್ಮಾ!" ಎಂದು ವಾರ್ಡೆಲ್ಲ ಕೇಳುವಂತೆ ಕೂಗಿದರು. ನರ್ಸು ಓಡಿ ಬಂದು ಪಟ್ಟಿ ಸುತ್ತಿ ನೋಡಿದಳು.

"ಇಳೀತಾ ಇದೆ, ನೂರಾ ಎಂಬತ್ತಕ್ಕೆ ಬಂದಿದೆ. ಏನಾಗಿಲ್ಲ ಸಾರ್. ನಿದ್ದೆ ಬಂದಿದೆ ಅಷ್ಟೆ. ನೀವು ಗೌನ್ ಬಿಚ್ಚಿ ಕೊಟ್ಟು ಹೊರಗೆ ಕೂತ್ಕೊಳ್ಳಿ. ಇಲ್ಲಿ ಕೂತು ಏನ್ಮಾಡ್ತೀರಿ?"

ಮಾಸ್ತರು ಏಳಲಿಲ್ಲ. ಸ್ಟೂಲನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡು, ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಬಗ್ಗಿ ನೋಡುತ್ತಿದ್ದರು.

"ಸ್ವಲ್ಪ ಇರಮ್ಮ" ಎಂದರು. "ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು. ನಾನು ಏಳೋ ಹೊತ್ತಿಗೆ ಇವಳು ಎದ್ದಿರ್ತಾಳೆ, ಮಲಗೋ ಹೊತ್ತಿಗೆ ಇನ್ನೂ ಮಲಗಿರಲ್ಲ. ಇವಳು ನಿದ್ದೆ ಮಾಡೋದನ್ನ ನಾನು ನೋಡೇ ಇರ್ಲಿಲ್ಲ."